ಕೂಗಳತೆಯ ಪೇಟೆ

“ಬುದ್ಧಿ, ಬೇರೆಯವರು ಹೇಳಿಕೊಟ್ಟ ಮಾತನ್ನು ನಾನು ಜನರಿಗೆ ಹೇಳಿದೆ ಅಂತಿಟ್ಟುಕೊಳ್ಳಿ. ಆ ಮಾತು ಸುಳ್ಳಾದರೆ ಹೊಣೆ ಯಾರದು?” ಎಂದು ಮಠದ ಗುರುಗಳನ್ನು ವೀರಭದ್ರ ಕೇಳಿದ.

ಅವನು ಅದೇ ಮಠದ ವಿದ್ಯಾರ್ಥಿನಿಲಯದಲ್ಲಿದ್ದುಕೊಂಡು ಪದವಿ ಮುಗಿಸಿದವನು. ಬಿತ್ತನೆ ಬೀಜದ ಕಂಪನಿಯೊಂದರ ಸಾರ್ವಜನಿಕ ಸಂಪರ್ಕ ವಿಭಾಗದಲ್ಲಿ ಕೆಲಸ ಸಿಕ್ಕಿತ್ತು. ಪತ್ರಿಕೆಗಳಿಗೆ ಸುದ್ದಿ ಬರೆದುಕೊಡುವುದು, ರೈತರ ಸಭೆಗಳಲ್ಲಿ ಮಾತಾಡುವುದು, ನಾಲ್ಕು ಜನರಲ್ಲಿ ಕಂಪನಿಗೆ ಒಳ್ಳೆಯ ಹೆಸರು ತರುವುದು, ಇದು ಕೆಲಸ. ಇಂಥದೊಂದಕ್ಕಾಗಿ ಅವನು ಕಾಲೇಜಿನ ಮೂರು ವರ್ಷವೂ ಹಂಬಲಿಸಿದ್ದ. ಸೋಮವಾರ ಸೇರಬೇಕಿತ್ತು. ಹೊಣೆ ಕಂಪನಿಯದು ಎಂಬ ಒಂದು ಮಾತು ಗುರುಗಳ ಬಾಯಿಂದ ಬಂದರೆ ಸಾಕು, ನೆಮ್ಮದಿಯಿಂದ ಹೊರಡಬಹುದು ಎಂದು ಅವನ ಆಸೆ.

“ಇನ್ನೂ ಕುರ್ಚಿಯಲ್ಲಿ ಕೂತಿಲ್ಲ, ಆಗಲೇ ತಪ್ಪು ಹೊರುವವರನ್ನು ಹುಡುಕುತ್ತಿದ್ದೀಯಲ್ಲ” ಎಂದು ಗುರುಗಳು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಒಂದು ಹೊಳೆಯ ಆಚೆಗೆ ಒಂದು ಪೇಟೆಯಿತ್ತು. ಹೊಳೆ ದಾಟಲು ಎರಡು ದೋಣಿಗಳಿದ್ದವು. ಹೊಳೆಯ ಮೇಲ್ಗಡೆ ದಾಟಿಸುವ ದೋಣಿ ಒಬ್ಬನದು, ಕೆಳಗಿನದು ಇನ್ನೊಬ್ಬನದು. ಕೆಳಗಿನ ದೋಣಿಯ ಯಜಮಾನ ಒಬ್ಬ ಯುವಕನನ್ನು ಕೆಲಸಕ್ಕಿಟ್ಟುಕೊಂಡ. ಯುವಕ ಆಗಷ್ಟೇ ಓದು ಮುಗಿಸಿದ್ದ. ಅವನ ದನಿ ಚೆನ್ನಾಗಿತ್ತು, ಮಾತು ಅದಕ್ಕಿಂತ ಚೆನ್ನಾಗಿತ್ತು. ಎರಡು ದೋಣಿಗಳಿಗೂ ದಾರಿ ಕವಲೊಡೆಯುವಲ್ಲಿ ನಿಂತು ಅವನು ಜನರನ್ನು ಕರೆಯಬೇಕಿತ್ತು. ಏನು ಹೇಳಬೇಕೆಂಬುದನ್ನು ಯಜಮಾನ ಕಲಿಸಿಕೊಟ್ಟಿದ್ದ. ‘ನಮ್ಮ ದೋಣಿ ಹತ್ತಿ. ಆಚೆ ಇಳಿದರೆ ಪೇಟೆ ಕೂಗಳತೆ ದೂರ.’

ಯುವಕ ಪೇಟೆಯನ್ನು ನೋಡಿದವನಲ್ಲ. ನೋಡಬೇಕೆಂಬ ಆಸೆ ಮಾತ್ರ ಎದೆತುಂಬ ಇತ್ತು. ಒಂದು ದಿನ ಹೋಗಿಬರುತ್ತೇನೆ ಎಂದು ಕೇಳಿದಾಗ ಯಜಮಾನ, ‘ನೀನು ಆಚೆ ಹೋದರೆ ಈಚೆ ಕರೆಯುವವರು ಯಾರು?’ ಎಂದ. ಅದೂ ನಿಜವೇ ಎನಿಸಿ ಯುವಕ ಸುಮ್ಮನಾದ. ಕಾಣದ ಪೇಟೆಯನ್ನು ದಿನವೂ ಮನಸ್ಸಿನಲ್ಲೇ ನಡೆದುಹೋಗಿ ನೋಡುತ್ತಿದ್ದ. ಹಾಗೆ ನೋಡುತ್ತ ನೋಡುತ್ತ ಒಂದು ದಿನ, ‘ದಾರಿಯುದ್ದಕ್ಕೂ ನೆರಳಿದೆ’ ಎಂದು ತಾನೇ ಒಂದು ಮಾತು ಸೇರಿಸಿದ. ಅದನ್ನು ಕೇಳಿ ಜನರ ಮುಖ ಅರಳಿತು, ದೋಣಿ ಬೇಗ ತುಂಬಿತು. ಅಂದಿನಿಂದ ಆ ಮಾತೂ ಉಳಿದುಕೊಂಡಿತು.

ಕೆಳಗಿನ ದೋಣಿಯಲ್ಲಿ ಹೋದವರು ಮರಳುವಾಗ ಮೇಲಿನ ದೋಣಿಯಲ್ಲೇ ಬರುತ್ತಿದ್ದರು. ಏಕೆ ಎಂದು ಅವನು ಯೋಚಿಸಲಿಲ್ಲ. ಹೋಗುವವರನ್ನು ಕರೆಯುವುದಷ್ಟೇ ಅವನ ಕೆಲಸವಾಗಿತ್ತು.

ಕಡುಬೇಸಿಗೆಯ ಒಂದು ಬೆಳಿಗ್ಗೆ ಒಬ್ಬ ತಾಯಿ ಬಂದಳು. ಅವಳ ಹೆಗಲ ಮೇಲೆ ಜ್ವರ ಬಂದ ಹೆಣ್ಣುಕೂಸು ಮಲಗಿತ್ತು. ಪೇಟೆಯ ವೈದ್ಯರು ಮಧ್ಯಾಹ್ನದವರೆಗೆ ಮಾತ್ರ ಮನೆಯಲ್ಲಿರುತ್ತಾರೆ ಎಂದು ಅವಳಿಗೆ ಯಾರೋ ಹೇಳಿದ್ದರು. ಕವಲಿನಲ್ಲಿ ನಿಂತು ಅವಳು ಎರಡೂ ದಾರಿಗಳನ್ನು ನೋಡಿದಳು.

‘ಬನ್ನಿ ಅಕ್ಕಾ, ಪೇಟೆ ಕೂಗಳತೆ ದೂರ. ದಾರಿಯುದ್ದಕ್ಕೂ ನೆರಳಿದೆ, ಕೂಸಿಗೆ ತಂಪು’ ಎಂದ ಯುವಕ. ಕೂಸಿನ ಮೇಲಿನ ಕನಿಕರದಿಂದಲೇ ಹಾಗೆಂದ. ತಾಯಿ ಅವನ ಮುಖ ನೋಡಿದಳು. ಕೆಳಗಿನ ದೋಣಿ ಹತ್ತಿದಳು.

ಸಂಜೆ ಅವಳು ಮೇಲಿನ ದೋಣಿಯಿಂದ ಇಳಿದು ಕವಲಿಗೆ ಬಂದಳು. ಕೂಸು ಕಣ್ಣು ಬಿಡುತ್ತಿರಲಿಲ್ಲ. ಪೇಟೆ ಕೂಗಳತೆಯಲ್ಲಿರಲಿಲ್ಲ, ಎರಡು ಹರದಾರಿ ದೂರವಿತ್ತು. ದಾರಿಯಲ್ಲಿ ಒಂದು ಮರವೂ ಇರಲಿಲ್ಲ. ಅವಳು ತಲುಪುವಷ್ಟರಲ್ಲಿ ವೈದ್ಯರು ಪರಸ್ಥಳಕ್ಕೆ ಹೊರಟುಹೋಗಿದ್ದರು.

‘ಯಜಮಾನರು ಹೇಳಿಕೊಟ್ಟಿದ್ದನ್ನೇ ಹೇಳಿದೆ ಅಕ್ಕಾ’ ಎಂದ ಯುವಕ.

‘ನಿಮ್ಮ ಯಜಮಾನನ ಮುಖ ನಾನು ಕಂಡಿಲ್ಲ ತಮ್ಮಾ. ನಿನ್ನ ಮಾತು ನಂಬಿ ದೋಣಿ ಹತ್ತಿದೆ’ ಎಂದಳು ಆಕೆ.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ನೆರಳಿನ ಮಾತು ಯಾರದು ಎಂದೂ ಅವಳು ಕೇಳಲಿಲ್ಲ. ಸೆರಗಿನಿಂದ ಕೂಸಿನ ತಲೆ ಮುಚ್ಚಿಕೊಂಡು ನಡೆದುಹೋದಳು. ಯಾವ ಊರು ತಾಯಿ ಎಂದು ಕೇಳಲು ಅವನಿಗೆ ಬಾಯಿ ಬರಲಿಲ್ಲ. ಮಾತಿನಿಂದಲೇ ಅನ್ನ ಗಳಿಸುತ್ತಿದ್ದವನಿಗೆ ಆ ಒಂದು ಗಳಿಗೆ ಬಾಯಿ ಕಟ್ಟಿಹೋಯಿತು.

ಮರುದಿನ ಅವನು ಯಾರನ್ನೂ ಕೇಳದೆ ದೋಣಿ ಹತ್ತಿ ಆಚೆ ಇಳಿದ. ಆ ಎರಡು ಹರದಾರಿಯನ್ನು ಬಿಸಿಲಿನಲ್ಲಿ ನಡೆದ. ಅಷ್ಟು ದಿನ ಹಂಬಲಿಸಿದ ಪೇಟೆ ಕಣ್ಣೆದುರಿಗೆ ಬಂತು, ಆದರೆ ಅವನು ಒಳಗೆ ಕಾಲಿಡಲಿಲ್ಲ. ಪೇಟೆಗೆ ಹತ್ತಿರವೇ ಇದ್ದ ಮೇಲಿನ ದೋಣಿಯಲ್ಲಿ ಹಿಂದಿರುಗಿ ಕವಲಿನಲ್ಲಿ ನಿಂತು, ‘ನಮ್ಮ ದೋಣಿಯಲ್ಲಿ ಹೋದರೆ ಎರಡು ಹರದಾರಿ ನಡಿಗೆ, ನೆರಳಿಲ್ಲ. ಕೂಸುಗಳಿದ್ದವರು ಮೇಲಿನ ದೋಣಿಗೆ ಹೋಗಿ’ ಎಂದು ಕೂಗಿದ. ಯಜಮಾನ ಅಂದೇ ಅವನನ್ನು ಕೆಲಸದಿಂದ ತೆಗೆದ. ಅದರಲ್ಲಿ ಯಜಮಾನನ ತಪ್ಪೇನೂ ಇಲ್ಲ, ದೋಣಿ ಖಾಲಿ ಬಿಡಲು ಯಾರು ಆಳನ್ನಿಟ್ಟುಕೊಳ್ಳುತ್ತಾರೆ?

ಕೆಲಸ ಹೋದರೂ ಯುವಕ ಕವಲು ಬಿಟ್ಟು ಹೋಗಲಿಲ್ಲ. ಕೇಳಿದವರಿಗೆ ದಾರಿ ಇದ್ದಂತೆ ಹೇಳುತ್ತಿದ್ದ. ಕೂಸನ್ನೆತ್ತಿಕೊಂಡ ತಾಯಿ ಯಾರೇ ಬಂದರೂ ಹತ್ತಿರ ಹೋಗಿ ಮುಖ ನೋಡುತ್ತಿದ್ದ. ಕೂಸು ಉಳಿಯಿತೋ ಇಲ್ಲವೋ, ಅದೊಂದು ತಿಳಿಯಬೇಕಿತ್ತು. ತಿಳಿದ ಮೇಲೆ, ನೆರಳಿನ ಮಾತು ನನ್ನದು ಅಕ್ಕಾ ಎಂದು ಅವಳೆದುರು ಒಪ್ಪಿಕೊಳ್ಳಬೇಕಿತ್ತು. ಹಗಲಿಡೀ ದಾರಿ ನೋಡುವುದೇ ಅವನ ಬದುಕಾಯಿತು. ಕೆಲವು ವರ್ಷಗಳಲ್ಲಿ ಹೊಳೆಗೆ ಸೇತುವೆಯಾಯಿತು. ದೋಣಿಗಳು ನಿಂತವು. ಜನ ಆ ಕವಲಿಗೆ ಬರುವುದೇ ನಿಂತಿತು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ವೀರಭದ್ರನಿಗೆ ತಾನು ಕೇಳಿದ ಪ್ರಶ್ನೆಯೇ ಮರೆತುಹೋಗಿತ್ತು.

“ಆ ತಾಯಿ ಮತ್ತೆ ಸಿಕ್ಕಳೆ ಬುದ್ಧಿ? ಕೂಸು ಉಳಿಯಿತೆ?” ಎಂದು ಕೇಳಿದ.

ಗುರುಗಳು ಮಠದ ಬಾಗಿಲ ಕಡೆ ನೋಡಿದರು.

“ಗೊತ್ತಿಲ್ಲಪ್ಪಾ, ಮಠದ ಬಾಗಿಲಿಗೆ ಯಾವ ಹೆಣ್ಣುಮಗಳು ಬಂದರೂ ಅವಳಿರಬಹುದೇ ಎಂದು ನಾನು ಇವತ್ತಿಗೂ ಎದ್ದು ಹೋಗಿ ನೋಡುತ್ತೇನೆ.”