ಗಾದ್ರಿಯೂ ಎತ್ತರದ ಪಿಕಪ್ಪೂ

ಊರಿನ ಹೆಸರು ಬೇಡ. ಚಳ್ಳಕೆರೆ ಕಡೆ ಅಂದುಕೊಳ್ಳಿ. ಆ ಕಡೆಯೋರು ಜಗಳಕ್ಕೆ ಬಂದರೆ ನಾನು ಅಲ್ಲ ಅಂತೀನಿ. ಅಲ್ಲೊಬ್ಬಳು ಬೊಮ್ಮಕ್ಕ. ಶೇಂಗಾ ಮಿಲ್ಲಿನಲ್ಲಿ ಕಾಳು ಹಸನು ಮಾಡುವವಳು. ಅವಳಿಗೊಬ್ಬ ಮಗ, ಗಾದ್ರಿ. ಎತ್ತಿನಂಥ ಮೈ, ಇಪ್ಪತ್ತೈದು ವಯಸ್ಸು. ಒಬ್ಬರಿಗೂ ಎದುರಾಡಿದವನಲ್ಲ, ಒಂದು ಸುಳ್ಳು ಹೇಳಿದವನಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ರೋಗವೇ ಅದು.

ಮಿಲ್ಲಿನವರು ಒಂದು ದಿನ ಅವನನ್ನು ಕೆಲಸಕ್ಕಿಟ್ಟುಕೊಂಡರು. "ಕಲ್ಲು ಸಿಕ್ಕಿದ ಚೀಲ ಆಚೆ ಹಾಕು" ಅಂದರು. ಯಾವ ಶೇಂಗಾ ಚೀಲದಲ್ಲಿ ಒಂದಾದರೂ ಕಲ್ಲಿರುವುದಿಲ್ಲ, ನೀವೇ ಹೇಳಿ. ಸಂಜೆಗೆ ಇಡೀ ಗೋಡೌನು ರಸ್ತೆ ಮೇಲಿತ್ತು, ಊರಿನ ದನವೆಲ್ಲ ಅದರ ಮೇಲಿದ್ದವು.

ಬೊಮ್ಮಕ್ಕನಿಗೆ ಹೊಟ್ಟೆಯಲ್ಲಿ ಗಂಟು. ಈ ಸಲದ ಸುಗ್ಗಿ ನೋಡುತ್ತೀಯ, ಮುಂದಿನದು ಹೇಳುವುದಕ್ಕಾಗಲ್ಲ ಅಂದಿದ್ದರು ಆಸ್ಪತ್ರೆಯವರು. ಸಾಯುವುದಕ್ಕೆ ಅವಳಿಗೆ ಬೇಜಾರಿರಲಿಲ್ಲ. ಇವನನ್ನು ಯಾರ ಕೈಗೆ ಕೊಟ್ಟು ಸಾಯಲಿ ಅನ್ನುವುದಷ್ಟೇ ಬೇಜಾರು. ಊರೆಲ್ಲ ಸುತ್ತಿ ಕೊನೆಗೆ ಹೈವೇ ಪಕ್ಕದ ಬುಡೇನ್ ಸಾಬರ ಷೆಡ್ಡಿಗೆ ಬಂದಳು. ಲಾರಿ, ಪಿಕಪ್ಪುಗಳ ಭಾರ ಹೊರುವ ಕಮಾನು ಪಟ್ಟಿಯ ಕೆಲಸದಲ್ಲಿ ಸಾಬರು ಹೆಸರುವಾಸಿ.

"ಸಾಬ್ರೇ, ಇವನಿಗೆ ಸಂಬಳ ಬೇಡ. ನಾನು ಹೋದ ಮೇಲೆ ಇವನಿಗೆ ಹೇಳೋರು ಒಬ್ಬರು ಬೇಕು."

ಸಾಬರು ಗಾದ್ರಿಯನ್ನು ಮೇಲಿಂದ ಕೆಳಗೆ ನೋಡಿದರು. "ಗಾಡಿ ಓಡಿಸೋಕೆ ಬರುತ್ತಾ?"

"ಬರುತ್ತೆ. ಕೆಂಪು ಕಂಡರೆ ನಿಲ್ತಾನೆ, ಹಸಿರು ಕಂಡರೆ ಹೋಗ್ತಾನೆ."

"ನಮ್ಮೂರಲ್ಲಿ ಅಷ್ಟು ಬರೋನು ಇನ್ನೊಬ್ಬನಿಲ್ಲ. ಇರಲಿ ಬಿಡು ತಂಗಿ."

ಆ ವಾರವೇ ಒಂದು ಕೆಲಸ ಬಂತು. ಗುಡ್ಡದ ಮೇಲಿನ ಗಾಳಿಗಿರಣಿ ಕಾಯುವವರಿಗೆ ನೀರಿನ ಕ್ಯಾನು ಸಾಗಿಸುವ ರುದ್ರೇಶಿಯ ಪಿಕಪ್ಪು. ಗುಡ್ಡದ ದಾರಿಯಲ್ಲಿ ಬಂಡೆಗೆ ಹೊಟ್ಟೆ ಉಜ್ಜಿ ಉಜ್ಜಿ ಸವೆದಿತ್ತು. ಎತ್ತರ ಮಾಡಿಕೊಡಿ ಅಂದ. ಪ್ರತಿ ಕಮಾನಿಗೂ ಎರಡೆರಡು ಪಟ್ಟಿ ಜಾಸ್ತಿ, ಅಚ್ಚಿನ ಮೇಲೊಂದು ಕಬ್ಬಿಣದ ಗಟ್ಟಿ, ಎಲ್ಲವನ್ನೂ ಅಪ್ಪಿ ಹಿಡಿಯುವುದಕ್ಕೆ ಉದ್ದನೆಯ ಯು ಬೋಲ್ಟು. ಸಾಬರು ಪಟ್ಟಿ ತರಲು ಗಾದ್ರಿಯನ್ನು ಗುಜರಿಗೆ ಕಳಿಸಿದರು. ತಂದ. ಒಂದು ಪಟ್ಟಿ ನಡುವಿಗೆ ಬಿರುಕು ಬಿಟ್ಟಿತ್ತು.

"ಪೆದ್ದು ಮುಂಡೇದೆ, ಹಂಗಲ್ಲ ಕಣೋ. ಯಾವುದನ್ನೇ ಷೆಡ್ಡಿನ ಒಳಕ್ಕೆ ಬಿಟ್ಕೊಳ್ಳೋ ಮುಂಚೆ ಸುತ್ತಿಗೇಲಿ ತಟ್ಟಿ ನೋಡಬೇಕು. ಠಣ್ ಅಂದರೆ ಗಟ್ಟಿ. ದಬ್ ಅಂದರೆ ಬಿರುಕು, ಬಿಟ್ಕೋಬೇಡ."

"ಆಯ್ತು ಸಾಬ್ರೇ, ಹಂಗೇ ಮಾಡ್ತೀನಿ."

ಮಾರನೇ ದಿನ ರುದ್ರೇಶಿ ಪಿಕಪ್ಪು ತಂದು ಬಾಗಿಲಲ್ಲಿ ನಿಲ್ಲಿಸಿದ. ಗಾದ್ರಿ ಸುತ್ತಿಗೆ ತಗೊಂಡು ಬಂದ. ಬಾನೆಟ್ಟಿಗೆ ಹೊಡೆದ, ಠಣ್ ಅಂತು. ಬಂಪರಿಗೆ ಹೊಡೆದ, ಠಣ್ ಅಂತು. ದೀಪಕ್ಕೆ ಹೊಡೆದ, ಅದು ಠಣ್ಣೂ ಅನ್ನಲಿಲ್ಲ, ದಬ್ಬೂ ಅನ್ನಲಿಲ್ಲ, ಝಲ್ ಅಂತು. ಇದ್ಯಾವ ಲೆಕ್ಕ ಅಂತ ಇನ್ನೊಂದು ದೀಪಕ್ಕೂ ಹೊಡೆದ. ಆಮೇಲೆ ಟೈರಿಗೆ ಹೊಡೆದ.

"ಅಣ್ಣ, ನಿನ್ನ ನಾಕೂ ಚಕ್ರ ದಬ್ ಅಂತಿವೆ. ಒಳಕ್ಕೆ ಬಿಡಲ್ಲ" ಅಂದ.

ರುದ್ರೇಶಿ ಅವನ ಕೈಯಿಂದ ಸುತ್ತಿಗೆ ಕಿತ್ತುಕೊಂಡು ಅವನ ಬೆನ್ನಿಗೇ ಎರಡು ಕೊಟ್ಟ. ಗಾದ್ರಿ ಕಿವಿಗೊಟ್ಟು ಕೇಳಿ, ತಲೆ ತಗ್ಗಿಸಿ ಆಚೆ ಹೋಗಿ ನಿಂತ. ಅವನೂ ದಬ್ ಅಂದಿದ್ದ.

ಬುತ್ತಿ ತಂದ ಬೊಮ್ಮಕ್ಕ ನೋಡುತ್ತಾಳೆ, ಮಗ ಸುಡು ಬಿಸಿಲಲ್ಲಿ ನಿಂತಿದ್ದಾನೆ, ಷೆಡ್ಡಿಗೆ ಕಾಲಿಡಲ್ಲ. ಸಾಬರು ದೀಪದ ದುಡ್ಡು ಕೊಟ್ಟು, ಪಿಕಪ್ಪು ಉಳಿಸಿಕೊಂಡು ರುದ್ರೇಶಿಯನ್ನು ಸಾಗಹಾಕಿ ಹತ್ತಿರ ಬಂದರು.

"ಪೆದ್ದು ಮುಂಡೇದೆ, ಹಂಗಲ್ಲ ಕಣೋ. ಗಾಡಿ ಬಂದು ನಿಂತರೆ ಮೊದಲು ಜಾಕ್ ಹಾಕಿ ಎತ್ತಬೇಕು, ಕೆಳಗೆ ಕಲ್ಲು ಕೊಡಬೇಕು, ನಾಕೂ ಚಕ್ರ ಬಿಚ್ಚಿ ಗೋಡೆಗೆ ಒರಗಿಸಬೇಕು. ಕೇಳಿಕೊಂಡು ನಿಲ್ಲೋದಲ್ಲ."

"ಆಯ್ತು ಸಾಬ್ರೇ, ಹಂಗೇ ಮಾಡ್ತೀನಿ."

ಮಾಡಿದ. ಮಾರನೇ ದಿನವೇ ಮಾಡಿದ. ಪೊಲೀಸ್ ಜೀಪು ಬಂದು ಪಕ್ಕದ ಟೀ ಅಂಗಡಿ ಮುಂದೆ ನಿಂತಿತು. ಒಳಗೆ ಹೋದವರು ಟೀ ಕುಡಿದು, ಎರಡನೇ ಬನ್ನು ತಿಂದು ಆಚೆ ಬರುವಷ್ಟರಲ್ಲಿ ಜೀಪು ನಾಲ್ಕು ಸೈಜುಗಲ್ಲಿನ ಮೇಲೆ ಕೂತಿತ್ತು, ನಾಕೂ ಚಕ್ರ ಸಾಬರ ಗೋಡೆಗೆ ಒರಗಿದ್ದವು. ಅದೇ ಹೊತ್ತಿಗೆ ವೈರ್‌ಲೆಸ್ಸಿನಲ್ಲಿ ಯಾರನ್ನೋ ಹಿಡಿಯಬೇಕು ಅಂತ ಬಂತು. ಯಾರನ್ನು ಅಂತ ಕೇಳಬೇಡಿ. ಅವನು ಇವತ್ತಿಗೂ ಸಿಕ್ಕಿಲ್ಲ.

ಗಾದ್ರಿಯನ್ನು ಹೊಡೆದು ಪೊಲೀಸರಿಗೆ ಕೈ ನೋವು ಬಂತು. "ಯಾರು ಹೇಳಿದ್ದೋ ನಿಂಗೆ?" ಅಂದರು. ಅವನು ಸುಳ್ಳು ಹೇಳುವವನಲ್ಲವಲ್ಲ, ಸಾಬ್ರು ಅಂದ. ಅರವತ್ತು ದಾಟಿದ ಬುಡೇನ್ ಸಾಬರಿಗೆ ತಮ್ಮ ಷೆಡ್ಡಿನ ಮುಂದೆ, ಟೀ ಕುಡಿಯುವವರೆಲ್ಲ ನೋಡುತ್ತಿದ್ದ ಹಾಗೆ ಕೆನ್ನೆಗೆ ಒಂದು ಬಿತ್ತು. ಆಮೇಲೆ ಇಡೀ ದಿನ ಠಾಣೆಯ ಬೆಂಚಿನ ಮೇಲೆ ಕೂರಿಸಿದರು.

ಮಾರನೇ ದಿನ ಬೊಮ್ಮಕ್ಕ ಬೆಳಿಗ್ಗೆಯೇ ಬಂದಳು. ಸೆರಗು ಒಡ್ಡಿ ನಿಂತಳು. ಸಾಬರು ಎದೆಯ ಎಡಗಡೆ ತಿಕ್ಕಿಕೊಳ್ಳುತ್ತಾ ಕೂತಿದ್ದರು.

"ಸೆರಗು ತೆಗಿ ತಂಗಿ. ಇವನನ್ನ ಕಳಿಸಿದರೆ ಇನ್ನೊಬ್ಬರ ಹತ್ತಿರ ಹೋಗ್ತಾನೆ, ಅವರು ಇವನನ್ನ ಕೊಂದೇ ಹಾಕ್ತಾರೆ." ಗಾದ್ರಿಯ ಕಡೆ ತಿರುಗಿದರು. "ಪೆದ್ದು ಮುಂಡೇದೆ, ಇನ್ನು ಮೇಲೆ ಯಾರ ಮಾತೂ ಕೇಳಬೇಡ. ನಿನ್ನ ತಲೆ ಮಾತೂ ಕೇಳಬೇಡ. ನಾನು ಹೇಳಿದ್ದು, ಅಷ್ಟೇ. ನಾನು ಬಾಯಿ ಬಿಡೋ ತನಕ ಬೇರೆ ಏನೂ ಇಲ್ಲ."

"ಆಯ್ತು ಸಾಬ್ರೇ, ಹಂಗೇ ಮಾಡ್ತೀನಿ."

ಮೂರು ದಿನ ಸಾಬರು ಪಕ್ಕದಲ್ಲೇ ನಿಂತು ಹೇಳಿದರು, ಗಾದ್ರಿ ಮಾಡಿದ. ಎತ್ತು, ಎತ್ತಿದ. ಕೊಡು, ಕೊಟ್ಟ. ಬಿಗಿ, ಬಿಗಿದ. ಒಂದು ತಪ್ಪಿಲ್ಲ. ಬುತ್ತಿ ತಂದ ಬೊಮ್ಮಕ್ಕ ಮೂಲೆಯಲ್ಲಿ ಕೂತು ನೋಡಿ, ಹೊಟ್ಟೆಯ ಗಂಟು ಮರೆತು, ಎಷ್ಟೋ ದಿನಕ್ಕೆ ತಾನೂ ಒಂದು ತುತ್ತು ಉಂಡಳು. ಮೂರನೇ ಮಧ್ಯಾಹ್ನ ಪಿಕಪ್ಪು ಕಲ್ಲಿನಿಂದ ಇಳಿದು ತನ್ನ ಕಾಲ ಮೇಲೆ ನಿಂತಿತು. ಏನು ಎತ್ತರ ಅಂತೀರಿ, ಒಂದು ಆಡು ಬಗ್ಗದೆ ಕೆಳಗೆ ಹಾಯ್ದು ಹೋಯಿತು. ಆಡು ಅಲ್ಲ ಕುರಿ ಅನ್ನುವವರೂ ಇದ್ದಾರೆ. ರುದ್ರೇಶಿಯೂ ಬಂದು ನೋಡಿ, ದೀಪ ಒಡೆದದ್ದು ಮರೆತು, ಟ್ಯಾಂಕು ತುಂಬ ಡೀಸೆಲ್ ಹಾಕಿಸಿಕೊಟ್ಟು, ಸಂಜೆ ಬರ್ತೀನಿ ಅಂತ ಹೋದ.

"ಇನ್ನೂ ಮುಗಿದಿಲ್ಲ ಕಣೋ" ಅಂದರು ಸಾಬರು. "ಹೊಸ ಪಟ್ಟಿ, ಹೊಸ ಬೋಲ್ಟು. ಓಡಿ ಓಡಿ ಕೂರಬೇಕು. ಐವತ್ತು ಕಿಲೋಮೀಟರ್ ಓಡಿಸು, ನಿಲ್ಲಿಸಿ ನಟ್ ಎಲ್ಲ ಇನ್ನೊಂದು ಸಲ ಬಿಗಿ. ಐವತ್ತಾಗೋ ತನಕ ಎಲ್ಲೂ ನಿಲ್ಲಿಸಬೇಡ. ದಾರೀಲಿ ಯಾರಾದರೂ ಕೈ ಅಡ್ಡ ಹಾಕ್ತಾರೆ, ಹತ್ತಿಸಿಕೋಬೇಡ."

"ಆಯ್ತು ಸಾಬ್ರೇ, ಹಂಗೇ..."

ಅವನು ಪೂರ್ತಿ ಹೇಳುವುದರೊಳಗೆ ಸಾಬರು ಎದೆ ಹಿಡಿದುಕೊಂಡು ಸ್ಪ್ಯಾನರಿನ ಪೆಟ್ಟಿಗೆಯ ಮೇಲೆ ಕುಸಿದರು. ಮೈಯೆಲ್ಲ ಬೆವರು, ತುಟಿ ಕಪ್ಪು.

"ಎತ್ತೋ ಅವರನ್ನ" ಅಂದಳು ಬೊಮ್ಮಕ್ಕ. ಗಾದ್ರಿ ಮಿಸುಕಲಿಲ್ಲ. ಸಾಬರು ಹೇಳಿರಲಿಲ್ಲವಲ್ಲ. ಸಾಬರೇ "ಎತ್ತು" ಅಂದರು, ಎತ್ತಿದ. ಪಿಕಪ್ಪಿನ ಹಿಂದೆ ಮಲಗಿಸಿದ, ಅವ್ವನನ್ನೂ ಎತ್ತಿ ಪಕ್ಕ ಕೂರಿಸಿದ. "ನಡಿ" ಅಂದರು ಸಾಬರು. ನಡೆದ.

ದೊಡ್ಡಾಸ್ಪತ್ರೆ ಅಲ್ಲಿಂದ ಆರು ಕಿಲೋಮೀಟರ್. ಬೊಮ್ಮಕ್ಕ ಸಾಬರ ತಲೆ ತೊಡೆ ಮೇಲಿಟ್ಟುಕೊಂಡು ದಾರಿ ನೋಡುತ್ತಿದ್ದಳು. ಆಸ್ಪತ್ರೆಯ ಬೇವಿನ ಮರ ಕಂಡಿತು. ಗೇಟು ಕಂಡಿತು. ಗೇಟು ಹಿಂದಕ್ಕೆ ಹೋಯಿತು.

ಅವಳು ಮುಂದಿನ ತಗಡಿಗೆ ದಬದಬ ಬಡಿದಳು. "ನಿಲ್ಲಿಸೋ, ಆಸ್ಪತ್ರೆ ಹೋಯ್ತು."

"ಆರಾಗಿದೆ ಅವ್ವ. ಇನ್ನೂ ನಲವತ್ತನಾಕು ಇದೆ."

"ನಿಂಗೆ ಕೈ ಮುಗೀತೀನಿ ಕಣೋ."

"ಸಾಬ್ರು ಹೇಳ್ಬೇಕು ಅವ್ವ."

ಬೊಮ್ಮಕ್ಕ ಬಗ್ಗಿ ಸಾಬರ ಕಿವಿಗೆ ಬಾಯಿಟ್ಟಳು. "ಸಾಬ್ರೇ, ನಿಲ್ಲಿಸು ಅನ್ನಿ. ಒಂದು ಮಾತು. ನೀವಂದರೆ ನಿಲ್ಲಿಸ್ತಾನೆ."

ಸಾಬರು ಕಣ್ಣು ಬಿಟ್ಟರು. ಪಿಕಪ್ಪು ಒಂದು ಗುಂಡಿಗೆ ಇಳಿದು ಹತ್ತಿತು. ಅವರು ತಲೆ ಸ್ವಲ್ಪ ವಾರೆ ಮಾಡಿ, ಕೆಳಗಿನ ಕಬ್ಬಿಣಕ್ಕೆ ಕಿವಿಗೊಟ್ಟರು.

"ಸದ್ದಿಲ್ಲ ತಂಗಿ" ಅಂದರು. "ಒಳ್ಳೆ ಬಿಗಿದಿದ್ದಾನೆ."

ಅಷ್ಟೇ. ಆಮೇಲೆ ಅವರು ಏನೂ ಹೇಳಲಿಲ್ಲ. ಅವಳು ಹೇಳಿಸಲು ನೋಡುತ್ತಲೇ ಇದ್ದಳು. ಮೂವತ್ತರ ಹತ್ತಿರ ಅವರ ಕೈ ತಣ್ಣಗಾಯಿತು. ಐವತ್ತಕ್ಕೆ ಗಾದ್ರಿ ಪಿಕಪ್ಪು ನಿಲ್ಲಿಸಿ, ಕೆಳಗೆ ತೂರಿ, ಒಂದೊಂದೇ ನಟ್ ಬಿಗಿದ. ಕೈ ಒರೆಸಿಕೊಂಡು ಹಿಂದೆ ಬಂದು ಇಣುಕಿದ.

"ಸಾಬ್ರೇ, ಆಯ್ತು. ಇನ್ನೇನು ಮಾಡ್ಲಿ?"

ಸಾಬರು ಹೇಳಲಿಲ್ಲ. ಅವನು ಕಾಯುತ್ತಾ ನಿಂತ. ಬೊಮ್ಮಕ್ಕ ಸೆರಗಿನಿಂದ ಸಾಬರ ಕಣ್ಣು ಮುಚ್ಚಿದಳು. "ಇನ್ನು ಅವರು ಹೇಳಲ್ಲ ಕಣಪ್ಪ. ಆಸ್ಪತ್ರೆಗೆ ನಡಿ" ಅಂದಳು. ಬೇರೆ ಹೇಳುವವರಿಲ್ಲ ಅಂತ ಅವನಿಗೆ ಅರ್ಥವಾಗುವುದಕ್ಕೆ ಬಹಳ ಹೊತ್ತು ಹಿಡಿಯಿತು. ಆಮೇಲೆ ಹೊರಟ.

ಆಸ್ಪತ್ರೆಯ ಡಾಕ್ಟರಮ್ಮ ನಾಡಿ ನೋಡಿ ಕೈ ಬಿಟ್ಟರು. "ಯಾಕಿಷ್ಟು ತಡ?"

"ಐವತ್ತಕ್ಕೆ ನಿಲ್ಲಿಸಿ ನಟ್ ಬಿಗಿ ಮಾಡಿದೆ ಮೇಡಮ್" ಅಂದ ಗಾದ್ರಿ. ಒಂದೂ ಬಿಡದೆ ಬಿಗಿದಿದ್ದೇನೆ ಅನ್ನುವ ಹೆಮ್ಮೆ ಅವನಿಗೆ.

ಆಕೆಗೆ ಮೈ ಉರಿಯಿತು. "ನಟ್ ಬಿಗಿದ್ಯಾ? ಇವರನ್ನ ಹಿಂದೆ ಹಾಕ್ಕೊಂಡು ನಿಲ್ಲಿಸ್ತಾರೇನೋ ಪೆದ್ದ? ಇವರು ಗಾಡೀಲಿದ್ದಾರೆ ಅಂದರೆ ಆಕಾಶ ಬೀಳಲಿ ಭೂಮಿ ಬಿರೀಲಿ, ಯಾರು ಅಡ್ಡ ಬರಲಿ, ಅತ್ತ ಇತ್ತ ತಿರುಗದೆ ನೆಟ್ಟಗೆ ಓಡಿಸಬೇಕು. ನಿಲ್ಲಿಸಬಾರದು."

ಗಾದ್ರಿಯ ಮುಖ ಅರಳಿತು. ಹೇಳುವವರು ಸಿಕ್ಕಿದರಲ್ಲ.

"ಆಯ್ತು ಮೇಡಮ್, ಹಂಗೇ ಮಾಡ್ತೀನಿ."

ಹೆಣ ಮನೆಗೆ ಒಯ್ಯಲು ಆಸ್ಪತ್ರೆಯ ಗಾಡಿ ಇರಲಿಲ್ಲ. ಇನ್ನು ಇವನು ಕೆಡಿಸುವುದಕ್ಕೆ ಏನು ಉಳಿದಿದೆ ಅಂತ ಬೊಮ್ಮಕ್ಕ ಮತ್ತೆ ಹಿಂದೆ ಹತ್ತಿದಳು. ಸಾಬರ ತಲೆಯನ್ನು ಮತ್ತೆ ತೊಡೆ ಮೇಲಿಟ್ಟುಕೊಂಡಳು.

ಹೈವೇಯಿಂದ ಸಾಬರ ಓಣಿಗೆ ಎಡಕ್ಕೆ ತಿರುಗಬೇಕು. ಸುದ್ದಿ ಮುಟ್ಟಿತ್ತು; ಓಣಿ ಬಾಯಲ್ಲಿ ಟೋಪಿ ಹಾಕಿದ ಗಂಡಸರು, ನಡುವೆ ಸಾಬರ ಹೆಂಡತಿ, ಪಕ್ಕದಲ್ಲಿ ರುದ್ರೇಶಿ. ಪಿಕಪ್ಪು ಕಂಡು ಎಲ್ಲರೂ ಒಂದು ಹೆಜ್ಜೆ ಮುಂದೆ ಬಂದರು. ರುದ್ರೇಶಿ ಕೈ ಅಡ್ಡ ಹಾಕಿ ಪಕ್ಕಕ್ಕೆ ಹಾರಿದ. ಪಿಕಪ್ಪು ನೆಟ್ಟಗೆ ಹೋಯಿತು. ಖಬರಸ್ತಾನದಲ್ಲಿ ಗುಂಡಿ ತೋಡುತ್ತಿದ್ದ ಇಬ್ಬರು ಎದೆಯುದ್ದ ಗುಂಡಿಯಿಂದ ತಲೆ ಎತ್ತಿ ನೋಡಿದರು. ಪಿಕಪ್ಪು ನೆಟ್ಟಗೆ ಹೋಯಿತು. ಮುಂದೆ ಹೈವೇ ಬಲಕ್ಕೆ ತಿರುಗಿತು.

ಗಾದ್ರಿ ತಿರುಗಲಿಲ್ಲ. ರಸ್ತೆ ಬಿಟ್ಟು ಚರಂಡಿ ಹಾರಿ ಶೇಂಗಾ ಹೊಲಕ್ಕೆ ಇಳಿದ. ಬದು ಹತ್ತಿದ, ಬದು ಇಳಿದ, ಕಲ್ಲುಗುಡ್ಡೆ ದಾಟಿದ. ಎಲ್ಲೂ ಹೊಟ್ಟೆ ತಾಗಲಿಲ್ಲ. ಕಬ್ಬಿಣ ಒಂದು ಸಲವೂ ಕಿರ್ ಅನ್ನಲಿಲ್ಲ. ಸಂಜೆ ಬಿಸಿಲಲ್ಲಿ ಪಿಕಪ್ಪು ಗಾಳಿಗಿರಣಿಯ ಗುಡ್ಡಗಳ ಕಡೆ ತೇಲಿಕೊಂಡು ಹೋಗುತ್ತಿತ್ತು. ಹಿಂದೆ ಓಡಿ ಬಂದವರು ಒಬ್ಬೊಬ್ಬರಾಗಿ ಸೊಂಟಕ್ಕೆ ಕೈ ಕೊಟ್ಟು ನಿಂತರು.

ಬೊಮ್ಮಕ್ಕ ತಗಡು ಬಡಿಯಲು ಕೈ ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು. ನಿಲ್ಲಿಸಿದರೆ ಷೆಡ್ಡಿಗೆ ಬೀಗ. ನಿಲ್ಲಿಸಿದರೆ ಆ ಗಂಡಸರು. ನಿಲ್ಲಿಸಿದರೆ ತಾನು, ತನ್ನ ಗಂಟು, ಮುಂದಿನ ಸುಗ್ಗಿ.

"ಅವ್ವಾ" ಅಂತ ಕೂಗಿದ ಗಾದ್ರಿ ಮುಂದಿನಿಂದ. "ಸರಿಯಾಗಿ ಹೋಗ್ತಿದೀನಾ?"

ಅವಳು ಕೈ ಇಳಿಸಿ, ಅಲುಗದ ಹಾಗೆ ಸಾಬರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಹ್ಞೂಂ ಕಣಪ್ಪ, ಸರಿಯಾಗಿ ಹೋಗ್ತಿದೀಯ."

ಟ್ಯಾಂಕಿನಲ್ಲಿ ಇನ್ನೂ ಡೀಸೆಲ್ ಇತ್ತು. ಅದು ಇರುವಷ್ಟು ಹೊತ್ತು ಅವಳ ಮಗ ಕೆಲಸದಲ್ಲಿದ್ದ.