ಮೀನಿನ ತವರು

ಬೇಲಿ ಎಷ್ಟು ಎತ್ತರವಿದ್ದರೆ ಸಾಕು ಎಂದು ಶಿಷ್ಯ ಗುರುವಮ್ಮನವರನ್ನು ಕೇಳಿದ. ಆಶ್ರಮದ ಕೆರೆಗೆ ಬೇಲಿ ಹಾಕಿಸುವ ಕೆಲಸ ಅವನ ಪಾಲಿಗೆ ಬಂದಿತ್ತು. ಆಚೆ ದಿಬ್ಬದ ಗುಡಿಸಲಿನವರು ಮರಿಮೀನನ್ನೂ ಬಿಡದೆ ಹಿಡಿದೊಯ್ಯುತ್ತಿದ್ದರು. ಅಳತೆ ಬರೆದುಕೊಳ್ಳಲು ಅವನು ಸ್ಲೇಟು ಬಳಪ ಹಿಡಿದೇ ಬಂದಿದ್ದ.

ಗುರುವಮ್ಮ ಕಡಲ ಕಡೆಯವರು. ಈ ಬಯಲುಸೀಮೆಗೆ ಬಂದು ಅವರ ತಲೆ ನರೆತಿತ್ತು.

“ನಮ್ಮ ಕಡೆ ಬಂಡೆಗಳ ನಡುವೆ ಕಡಲು ನಿದ್ದೆ ಹೋಗುವ ಒಂದು ಜಾಗವಿತ್ತು. ಮೀನು ಮೊಟ್ಟೆಯಿಡಲು ಅಲ್ಲಿಗೆ ಬರುತ್ತಿತ್ತು. ಅದನ್ನು ಏನೋ ಎನ್ನುತ್ತಿದ್ದೆವು…” ಎಂದು ತಡೆದರು. ಹೆಸರು ನಾಲಿಗೆಯವರೆಗೆ ಬಂದು ಅಲೆಯಂತೆ ಹಿಂದಕ್ಕೆ ಸರಿಯಿತು. “ಇರಲಿ. ಮೀನಿನ ತವರು ಎಂದುಕೋ.” ಹೀಗೆಂದು ಕತೆ ಹೇಳಿದರು.

ಕಡಲ ತಡಿಯ ಒಂದು ಊರಿನವರು ಆ ತವರಿನಲ್ಲಿ ಬಲೆ ಬೀಸುತ್ತಿರಲಿಲ್ಲ. ಅಲ್ಲಿ ಬೆಳೆದ ಮೀನು ಹೊರಗಿನ ನೀರಿಗೆ ಬಂದಾಗ ಊರೆಲ್ಲ ಸೇರಿ ರಂಪಣಿ ಎಂಬ ದೊಡ್ಡ ಬಲೆಯನ್ನು ಬಿಟ್ಟು, ದಡದಲ್ಲಿ ನಿಂತು ಅದರ ಹಗ್ಗ ಎಳೆಯುತ್ತಿದ್ದರು. ಹಗ್ಗ ಮುಟ್ಟಿದವರಿಗೆಲ್ಲ ಪಾಲು. ಬೆನ್ನು ಬಾಗಿದ ಮುದುಕಿ ಬಂದು ಬೆರಳು ತಾಗಿಸಿದರೂ ಪಾಲು ತಪ್ಪುತ್ತಿರಲಿಲ್ಲ.

ಆ ಊರಿಗೆ ಒಬ್ಬ ಮೀನುಗಾರ ಬಂದ. ಅವನ ಊರನ್ನು ಕಡಲು ತೆಗೆದುಕೊಂಡಿತ್ತು. ಉಳಿದದ್ದು ಹೆಂಡತಿ ಮತ್ತು ಒಂದು ಪುಟ್ಟ ದೋಣಿ. ತವರಿನ ಪಕ್ಕದಲ್ಲೇ ಗುಡಿಸಲು ಕಟ್ಟಿಕೊಂಡ. ಹಗ್ಗಕ್ಕೆ ಕೈ ಹಾಕಲು ಹೋದಾಗ, ಇಲ್ಲಿ ಕೈಗಳು ಬೇಕಾದಷ್ಟಿವೆ ಎಂದರು. ನಿನ್ನ ಊರನ್ನು ಕಡಲು ನುಂಗಿತು, ನಮ್ಮ ಊರನ್ನು ನೀನು ನುಂಗಬೇಡ ಎಂದು ಒಬ್ಬ ನಕ್ಕ.

ಅಂದಿನಿಂದ ಬಂದವನು ತವರಿನಲ್ಲೇ ಬಲೆ ಬೀಸತೊಡಗಿದ. ಊರವರು ಮುಳ್ಳುಬೇಲಿ ಹಾಕಿದರು. ಬೇಲಿ ಅವನ ಒಲೆಗೆ ಸೌದೆಯಾಯಿತು. ದೈವದ ಮುಂದೆ ಆಣೆ ಇಡು ಎಂದರು; ನನ್ನ ದೈವ ನೀರಿನಡಿಯಲ್ಲಿದೆ ಎಂದ. ಅದು ಸುಳ್ಳಲ್ಲ. ಬಲೆ ಬಿಟ್ಟು ಕೂತಾಗ ಅವನಿಗೆ ಆ ನಿಂತ ನೀರಿನ ತಳದಲ್ಲಿ ತನ್ನ ಊರಿನ ಬೀದಿ ಕಾಣುತ್ತಿತ್ತು. ಅಂಗಳದ ತುಳಸಿಗೆ ಮರಿಮೀನುಗಳು ಪ್ರದಕ್ಷಿಣೆ ಬರುತ್ತಿದ್ದವು. ಅವನ್ನೇ ಅವನು ಎತ್ತಿ ತರುತ್ತಿದ್ದ.

ಕೊನೆಗೆ ಊರಿನ ಮುಖ್ಯಸ್ಥನಾದ ಗುರಿಕಾರ, ಆ ದೋಣಿಯನ್ನೇ ಸುಟ್ಟುಬಿಡೋಣ ಎಂದ. ಬೆಳಿಗ್ಗೆ ಕೊಳ್ಳಿ ಹಿಡಿದು ಹೊರಟರು. ದೋಣಿ ಹೋದರೆ ಬಂದವನಿಗೆ ಗಂಜಿಯೂ ಇಲ್ಲ, ಹೋಗಲು ಇನ್ನೊಂದು ಊರೂ ಇಲ್ಲ. ಅವನು ದೋಣಿಗೆ ಬೆನ್ನು ಕೊಟ್ಟು ನಿಂತ.

ಆಗ ಕಡಲು ಕಪ್ಪಾಯಿತು. ಮೋಡದ ನೆರಳಲ್ಲ, ಮೀನಿನ ಹಿಂಡು.

ಕೊಳ್ಳಿಗಳು ಮರಳಿಗೆ ಬಿದ್ದವು. ಬಲೆ ಬಿಟ್ಟರು. ಅದು ಎಷ್ಟು ಭಾರವಾಯಿತೆಂದರೆ ಹಗ್ಗವೇ ಊರನ್ನು ನೀರಿಗೆ ಎಳೆಯತೊಡಗಿತು. ಕೈ ಇದ್ದವರೆಲ್ಲ ಬನ್ನಿ ಎಂದು ಗುರಿಕಾರ ಕೂಗಿದ. ಬಂದವನಿಗೂ ಅವನ ಹೆಂಡತಿಗೂ ಕೈಗಳಿದ್ದವು.

ಮೀನು ದಡಕ್ಕೆ ಬಂತು. ಹಗ್ಗ ಮುಟ್ಟಿದವನ ಪಾಲು ತಪ್ಪಿಸುವ ಧೈರ್ಯ ಗುರಿಕಾರನಿಗೂ ಇರಲಿಲ್ಲ. ಗಂಡ ಹೆಂಡತಿಗೆ ಎಲ್ಲರಷ್ಟೇ ಸಿಕ್ಕಿತು. ಮರಳಿನಲ್ಲಿ ಆರಿದ ಕೊಳ್ಳಿಯನ್ನು ಮತ್ತೆ ಯಾರೂ ಹುಡುಕಲಿಲ್ಲ. ಹಿಂದೆ ನಕ್ಕವನೇ, ನಾಳೆಯೂ ನನ್ನ ಹಿಂದೆ ನಿಂತು ಹಿಡಿ, ನಿನ್ನ ಕೈ ಗಟ್ಟಿ ಎಂದ.

ಕೆಲವು ದಿನ ಕಳೆದು ಗುರಿಕಾರ ತವರಿನ ಕಡೆ ಹೋದ. ಬಂಡೆಗಳ ಬಾಯಿಗೆ ಅಡ್ಡವಾಗಿ ಪುಟ್ಟ ದೋಣಿ ನಿಂತಿತ್ತು. ಬಲೆಯೊಂದಿಗೆ ಒಳಗೆ ನುಗ್ಗಲು ಬಂದಿದ್ದ ಗುರಿಕಾರನ ಅಳಿಯನನ್ನೇ ಬಂದವನು ಹುಟ್ಟು ಚಾಚಿ ತಡೆದಿದ್ದ. ಅಳಿಯ ಬೈಯುತ್ತಿದ್ದ.

“ನಿನ್ನನ್ನು ಇಲ್ಲಿ ಕಾವಲಿಗೆ ಇಟ್ಟವರು ಯಾರು?” ಎಂದು ಗುರಿಕಾರ ಕೇಳಿದ.

“ಯಾರೂ ಇಲ್ಲ, ಗುರಿಕಾರರೇ. ನಾಳೆ ನಾನು ಎಳೆಯಬೇಕಾದ ಮೀನು ಒಳಗೆ ಮಲಗಿದೆ. ನಿಮ್ಮ ಅಳಿಯಂದಿರಿಗೆ ಸ್ವಲ್ಪ ಮೆಲ್ಲಗೆ ಬೈಯಲು ಹೇಳಿ.”

ಗುರುವಮ್ಮ ಇಷ್ಟು ಹೇಳಿ ಕಣ್ಣು ಮುಚ್ಚಿದರು. ಶಿಷ್ಯ ಸ್ಲೇಟನ್ನು ಮಡಿಲಿಗೆ ಎಳೆದುಕೊಂಡು, ಬೇಲಿಯ ಎತ್ತರ ಎಷ್ಟೆಂದು ಬರೆಯಲಿ ಎಂದು ಮತ್ತೆ ಕೇಳಿದ.

“ಮೊದಲು ಹಗ್ಗದ ಉದ್ದ ಬರೆದುಕೋ ಮಗೂ, ಆ ದಿಬ್ಬವನ್ನು ಮುಟ್ಟುವಷ್ಟು.”