ಬಲ ಭುಜದ ಐದು ಕಪ್ಪು ಹೊಲಿಗೆ

ಬನಶಂಕರಿ ನಕ್ಕದ್ದು ಮಂಗಳವಾರ. ಟಿವಿಯವರು ಆ ನಗುವನ್ನು ಕತ್ತರಿಸಿ, ಶುಕ್ರವಾರ ಒಬ್ಬ ಹುಡುಗ ಅತ್ತ ಅಳುವಿಗೆ ಅಂಟಿಸಿದರು. ಊರಿನವರು ನೋಡಿದರು, ನಂಬಿದರು, ಮನೆಮನೆಗೆ ಹಂಚಿದರು. ಅಂಟಿಸಿದವರದು ತಪ್ಪು. ಹಂಚಿದವರದೂ ಅಷ್ಟೇ ತಪ್ಪು. ಹಂಚಿದವರಲ್ಲಿ ನೀವೂ ಇದ್ದಿರಬಹುದು. ಕೂತು ಕೇಳಿ.

ಗುಳೇದಗುಡ್ಡದಲ್ಲಿ ಬನಶಂಕರಿಗೆ ಒಂದು ಹೊಲಿಗೆ ಅಂಗಡಿ. ಅದು ಕುಪ್ಪಸದ ಬಟ್ಟೆಯಾದ ಖಣ ನೇಯುವ ಊರು. ಅಲ್ಲಿನ ಹೆಂಗಸರು ಹೊಲಿಸಿದ ಕುಪ್ಪಸವನ್ನು ಸುಮ್ಮನೆ ಒಯ್ಯುವುದಿಲ್ಲ. ಬಾಗಿಲ ಬೆಳಕಿಗೆ ಹಿಡಿದು, ಒಳಮೈ ತಿರುವಿ, ಒಂದೊಂದು ಹೊಲಿಗೆಯನ್ನೂ ಉಗುರಿನಿಂದ ಎಳೆದು ನೋಡಿದ ಮೇಲೆಯೇ ಚೀಲಕ್ಕೆ ಹಾಕುತ್ತಾರೆ. ಅಂಥವರು ನಲವತ್ತು ಮಂದಿ ತಮ್ಮ ಅಳತೆಯ ಕುಪ್ಪಸವನ್ನು ಬನಶಂಕರಿಯ ಹತ್ತಿರವೇ ಬಿಟ್ಟಿದ್ದರು. ಗೋಡೆಯುದ್ದಕ್ಕೂ ಮೊಳೆ, ಮೊಳೆಗೊಂದು ಕುಪ್ಪಸ. ಅಳತೆಯ ಕುಪ್ಪಸ ಬಿಟ್ಟುಹೋಗುವುದೆಂದರೆ, ನನ್ನ ಮೈಯ ಗುಟ್ಟು ನಿನ್ನಲ್ಲೇ ಇರಲಿ ಎಂದು ಒಪ್ಪಿಸಿದ ಹಾಗೆ. ಬನಶಂಕರಿಗೆ ಇದ್ದ ಆಸ್ತಿ ಅದೊಂದೇ.

ಹನ್ನೊಂದು ಗಂಡುಗಳು ಅವಳನ್ನು ನೋಡಲು ಬಂದಿದ್ದರು. ಅವಲಕ್ಕಿ ತಿಂದರು, ಚಹಾ ಕುಡಿದರು, "ತಿಳಿಸ್ತೀವಿ" ಎಂದು ಎದ್ದು ಹೋದರು. ಹನ್ನೊಂದು ಸಲವೂ ಅವಳು ತಲೆ ತಗ್ಗಿಸಿ ಕೂತಿದ್ದಳು. ಮುಂದಿನ ಸಲ ತಾನೇ ನೋಡಿ ಆರಿಸಬೇಕು ಎನಿಸಿತು. ಹುಡುಗ ಹುಡುಗಿಯರನ್ನು ಒಂದು ಮನೆಯಲ್ಲಿಟ್ಟು ಜೋಡಿ ಹುಡುಕಿಸುವ ಟಿವಿ ಶೋಗೆ ಅರ್ಜಿ ಹಾಕಿದಳು. ಕರೆ ಬಂತು, ಹೋದಳು. ಇದರಲ್ಲಿ ತಪ್ಪೇನಿದೆ? ಹುಡುಗಿ ತಲೆ ಎತ್ತಿ ಹುಡುಗನನ್ನು ನೋಡಿದರೆ ಭೂಮಿ ಬಾಯಿ ಬಿಡುವುದಿಲ್ಲ.

ಒಂದು ವಾರಕ್ಕೆ ಅವಳು ಶೋದಿಂದ ಹೊರಬಿದ್ದಳು. ಊರಿಗೆ ಬಂದು ಬಸ್ಸಿಳಿಯುವ ಮೊದಲೇ ಅರ್ಧ ನಿಮಿಷದ ತುಣುಕೊಂದು ಊರು ಸುತ್ತಿತ್ತು. ಅದರಲ್ಲಿ ಪ್ರಣೀತ್ ಎಂಬ ಹುಡುಗ ಸತ್ತ ತಾಯಿಯನ್ನು ನೆನೆದು ಬಿಕ್ಕುತ್ತಾನೆ. ಎದುರಿಗೆ ಕೂತ ಬನಶಂಕರಿ ಬಾಯ್ತುಂಬ ನಗುತ್ತಾಳೆ.

ಮರುದಿನದಿಂದಲೇ ಹೆಂಗಸರು ಬರತೊಡಗಿದರು.

"ನನ್ನ ಅಳತಿ ಕುಬಸ ಕೊಡವಾ. ಮನ್ಯಾಗ ಬ್ಯಾಡ ಅಂತಾರ."

"ನಾ ನಕ್ಕಿಲ್ಲ ಯಕ್ಕಾ."

"ಕಣ್ಣಾರೆ ನೋಡೀವಿ. ತಾಯಿ ಸಾವಿಗೆ ನಗಾಕಿ ಕೈಲೆ ಮಗಳ ಮದುವಿ ಕುಬಸ ಹೊಲಸಲೇನು?"

ಮೊಳೆಗಳು ಒಂದೊಂದಾಗಿ ಖಾಲಿಯಾದವು. ಹದಿನೈದು ದಿನಕ್ಕೆ ಗೋಡೆಯಲ್ಲಿ ಉಳಿದದ್ದು ಒಂದೇ ಕುಪ್ಪಸ. ಅದು ಮಹಿಳಾ ಸಂಘದ ಅಧ್ಯಕ್ಷೆ ಅಂದಾನೆವ್ವನದು. ಊರಿಗೆಲ್ಲ ತುಣುಕು ಹಂಚಿದವಳು ಅವಳೇ. ಪುರುಸೊತ್ತು ಆಗಿರಲಿಲ್ಲ, ಅದಕ್ಕೇ ಒಯ್ದಿರಲಿಲ್ಲ.

ಬನಶಂಕರಿ ಮಿಷನ್ ಮೇಲೆ ಬಟ್ಟೆ ಹೊದಿಸಿದಳು. ಅವತ್ತೇ ಮೌಲಾಸಾಬ್ ಮಾಸ್ತರ್ ಅಂಗಡಿಗೆ ಬಂದರು. ಅವಳ ಕೈಗೆ ಕತ್ತರಿ ಕೊಟ್ಟು ಕಸುಬು ಕಲಿಸಿದ ಮುದುಕ.

"ಯಾಕ, ಮಿಷನ್ ಚಳಿ ಅಂತೈತೇನು?"

"ಅಂಗಡಿ ಮುಚ್ಚತೀನಿ ಮಾಸ್ತರ್."

"ಆ ತುಣುಕು ನೋಡಿಯೇನು?"

"ಇಲ್ಲ. ಅದರ ಸಪ್ಪಳ ಕೇಳಿದ್ರ ಕಿವಿ ಮುಚ್ಕೋತೀನಿ."

ಮಾಸ್ತರ್ ಸಿಟ್ಟಿಗೆದ್ದರು. "ಗಿರಾಕಿ ಬಂದು ಕುಬಸ ಕೆಟ್ಟೈತಿ ಅಂದ್ರ ಮೊದಲ ಏನ್ ಮಾಡಂತ ಕಲಿಸೀನಿ?"

"ಒಳಮೈ ತಿರುವಿ ನೋಡು ಅಂತ."

"ನೋಡದs ಅಳು ಅಂತ ಕಲಿಸೀನೇನು?"

ಬನಶಂಕರಿ ಫೋನ್ ತೆಗೆದು ನೋಡಿದಳು. ಮೊದಲ ಸಲ ಅಳು ಬಂತು. ಎರಡನೆಯ ಸಲ ಮೈ ಉರಿಯಿತು. ಮೂರನೆಯ ಸಲ ಅವಳು ಹೊಲಿಗೆಯವಳ ಕಣ್ಣಿನಿಂದ ನೋಡಿದಳು. ತಟ್ಟನೆ ಎದ್ದು ನಿಂತಳು.

ಶೋದ ಮನೆಯಲ್ಲಿ ವಾರವಿಡೀ ಒಂದೇ ಸೀರೆ ಉಡಿಸಿ, ಒಂದೇ ಕೆಂಪು ಕುಪ್ಪಸ ತೊಡಿಸಿದ್ದರು. ಯಾವ ದಿನದ ದೃಶ್ಯವನ್ನು ಯಾವ ದಿನಕ್ಕೆ ಬೇಕಾದರೂ ಜೋಡಿಸಬಹುದು ಎಂಬ ಲೆಕ್ಕಾಚಾರ ಅದು. ಬುಧವಾರ ಹಗ್ಗ ಜಗ್ಗುವ ಆಟದಲ್ಲಿ ಅವಳ ಕುಪ್ಪಸ ಬಲ ಭುಜದ ಹತ್ತಿರ ಪರ್ರೆಂದು ಹರಿದಿತ್ತು. ಕೆಂಪು ದಾರ ಸಿಗಲಿಲ್ಲ. ಸಿಕ್ಕ ಕಪ್ಪು ದಾರದಲ್ಲೇ ಅವಳು ಐದು ಹೊಲಿಗೆ ಹಾಕಿಕೊಂಡಿದ್ದಳು. ತುಣುಕಿನ ಮೊದಲಿಗೆ, ಹುಡುಗ ಅಳುವಾಗ, ಬೆನ್ನಷ್ಟೇ ಕಾಣುವ ಅವಳ ಬಲ ಭುಜದಲ್ಲಿ ಐದು ಕಪ್ಪು ಹೊಲಿಗೆ ಕಾಣುತ್ತವೆ. ಮರುಕ್ಷಣ ಅವಳು ನಗುತ್ತಾಳೆ. ಭುಜದಲ್ಲಿ ಒಂದು ಹೊಲಿಗೆಯೂ ಇಲ್ಲ.

ಆ ನಗು ಮಂಗಳವಾರದ್ದು. ನಿರೂಪಕನ ಕೈಯಲ್ಲಿದ್ದ ವಡೆಯನ್ನು ಕಾಗೆ ಕಸಿದುಕೊಂಡು ಹೋದಾಗ ನಕ್ಕದ್ದು.

ಅಷ್ಟರಲ್ಲಿ ಅಂದಾನೆವ್ವನೂ ಬಂದಳು. ಹೊಸ್ತಿಲಾಚೆಯೇ ನಿಂತು ಕೈ ಚಾಚಿದಳು. "ನನ್ನ ಕುಬಸ ಒಗಿ ಇತ್ತಾಗ."

ಬನಶಂಕರಿ ಕೊನೆಯ ಮೊಳೆಯಿಂದ ಕುಪ್ಪಸ ತೆಗೆದು ಅವಳ ಕೈಗೆ ಕೊಟ್ಟಳು. "ಒಯ್ಯಿ ಯಕ್ಕಾ. ಆದರ ನಾ ಹೊಲಿದ ಕುಬಸ ಒಮ್ಮಿಯಾದ್ರೂ ನೋಡದs ಒಯ್ದೀಯೇನು?"

"ಅದೆಂಗ ಒಯ್ತೀನಿ? ಉಗುರು ಹಾಕಿ ನೋಡೇ ಒಯ್ತೀನಿ."

"ಹಂಗಾರ ನೀ ಊರಿಗೆ ಹಂಚಿದ್ದನ್ನೂ ಉಗುರು ಹಾಕಿ ನೋಡು. ಬಲ ಭುಜ ನೋಡು."

ಅಂದಾನೆವ್ವ ಫೋನನ್ನು ಬಾಗಿಲ ಬೆಳಕಿಗೆ ಹಿಡಿದಳು. ನೋಡಿದಳು. ಹಿಂದಕ್ಕೆ ಎಳೆದು ಮತ್ತೆ ನೋಡಿದಳು. ಮುಖದ ಬಣ್ಣ ಇಳಿಯಿತು.

"ಅಯ್ಯ ನನ ಶಿವನ! ಹೊಲಿಗಿ ಎಲ್ಲಿ ಹೋತು? ಯಾವ ಕೈ ಬರಲಾರದ ಮಬ್ಬ ಜೋಡಿಸ್ಯಾನ ಇದನ್ನ?" ದನಿ ತಗ್ಗಿಸಿ, "ಹಂಚಿದಾಕಿ ನಾನs ಅಲ್ಲೇನವಾ," ಎಂದಳು. ಹೊಸ್ತಿಲು ದಾಟಿ ಒಳಗೆ ಬಂದು, ತನ್ನ ಕೈಯಾರೆ ಕುಪ್ಪಸವನ್ನು ಮತ್ತೆ ಮೊಳೆಗೆ ತೂಗುಹಾಕಿದಳು. ಆಮೇಲೆ ಅದೇ ಬಲ ಭುಜದ ಎರಡು ಚಿತ್ರ ಅಕ್ಕಪಕ್ಕ ಇಟ್ಟು, ಮೊದಲು ಯಾರ‍್ಯಾರಿಗೆ ತುಣುಕು ಕಳಿಸಿದ್ದಳೋ ಅವರಿಗೆಲ್ಲ ಕಳಿಸಿದಳು. ಕೆಳಗೆ ಬರೆದಳು: ನಾನು ಸುಳ್ಳು ಹಂಚಿದ್ದೆ.

ವಾರದೊಳಗೆ ಅಂಗಡಿ ಹೆಂಗಸರಿಂದ ತುಂಬಿತು. ಅದೇ ಹೊತ್ತಿಗೆ ಒಂದು ಕಾರು ಬಂದು ನಿಂತಿತು. ಇಳಿದವನು ಪ್ರಣೀತ್.

"ಬನಶಂಕರಿ, ಚಾನೆಲ್‌ನೋರು ಕಳಿಸಿದಾರೆ. ನಾವಿಬ್ರೂ ಒಂದು ಸ್ಪೆಷಲ್ ಎಪಿಸೋಡ್ ಮಾಡೋಣ. ನೀನು ಸಾರಿ ಕೇಳು, ನಾನು ಕ್ಷಮಿಸ್ತೀನಿ. ಆಮೇಲೆ ನೋಡು, ಇಡೀ ರಾಜ್ಯ ನಿನ್ನನ್ನ ತಲೆ ಮೇಲೆ ಹೊತ್ಕೊಂಡು ಮೆರೆಸುತ್ತೆ."

"ನಕ್ಕೇ ಇಲ್ಲ ಅಂದ್ರ ಆಕಿ ಯಾಕ ತಪ್ಪಾತು ಅನಬೇಕೋ ತಮ್ಮಾ?" ಎಂದಳು ಅಂದಾನೆವ್ವ.

ಬನಶಂಕರಿ ಕೈ ಎತ್ತಿ ಅವಳನ್ನು ಸುಮ್ಮನಿರಿಸಿದಳು. ಹುಡುಗನಿಗೆ ಕುರ್ಚಿ ತೋರಿಸಿ, ತಾನು ಎದುರಿಗೆ ಕೂತಳು. "ಶುಕ್ರವಾರ ನೀ ಅತ್ತಾಗ ನಾ ಏನ್ ಮಾಡ್ದೆ?"

ಅವನು ನೆಲ ನೋಡಿದ. "ನೀನೂ ಅತ್ತೆ. ಕಣ್ಣೊರೆಸ್ಕೋ ಅಂತ ನಿನ್ನ ಸೆರಗು ಕೊಟ್ಟೆ."

"ಗೊತ್ತಿದ್ದೂ ಸುಮ್ಮನಿದ್ದಿ."

"ಮುಂದಿನ ಶೋಗೂ ಕರೀತೀವಿ ಅಂದಿದ್ರು."

"ಇದನ್ನ ಇವರೆಲ್ಲರ ಮುಂದ, ಈ ಫೋನಿಗೆ ಹೇಳು. ಹೇಳಿದ್ರ ಚಹಾ ಕುಡದು ಹೋಗು. ಇಲ್ಲಂದ್ರ ಹಂಗs ಹೋಗು."

ಹುಡುಗನ ಕಣ್ಣು ತುಂಬಿತು. ಈ ಸಲ ಯಾವ ಕ್ಯಾಮೆರಾದವರೂ ಇರಲಿಲ್ಲ. ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಹನ್ನೊಂದು ಗಂಡುಗಳ ಮುಂದೆ ತಲೆ ತಗ್ಗಿಸಿದ್ದವಳು ಇವನ ಮುಂದೆ ತಲೆ ಎತ್ತಿ ಕೂತಿದ್ದಳು. ಈ ಸಲ ತಗ್ಗಿದ್ದು ಅವನ ತಲೆ.

ಚಹಾ ಕುಡಿದು ಏಳುವಾಗ ಅವನು ಕೇಳಿದ, "ಚಾನೆಲ್‌ನೋರಿಗೆ ಏನಂತ ಹೇಳ್ಲಿ?"

"ತಿಳಸ್ತೀವಿ ಅನ್ನು," ಎಂದಳು ಬನಶಂಕರಿ.

ಅಂಗಡಿಯಿಡೀ ನಕ್ಕಿತು. ಬನಶಂಕರಿಯೂ ನಕ್ಕಳು. ಆ ನಗು ಆ ಹೊತ್ತಿನದೇ, ಆ ಮಾತಿಗೇ ಬಂದದ್ದು.

ಪ್ರಣೀತ್ ಹೇಳಿದ್ದು ಊರು ದಾಟಿದ ಮೇಲೆ ಚಾನೆಲ್ ತನ್ನ ಸುಳ್ಳು ತುಣುಕನ್ನು ಸದ್ದಿಲ್ಲದೆ ತೆಗೆದುಹಾಕಿತು. ಕ್ಷಮೆ ಕೇಳಲಿಲ್ಲ. ಕೇಳದಿದ್ದರೆ ಹಾಳಾಗಿ ಹೋಗಲಿ. ಬನಶಂಕರಿಯ ಗೋಡೆಯಲ್ಲಿ ಈಗ ಅರವತ್ತು ಕುಪ್ಪಸಗಳಿವೆ. ಹೆಚ್ಚಿನ ಇಪ್ಪತ್ತು ಮೊಳೆ ಹೊಡೆದವರು ಮೌಲಾಸಾಬ್ ಮಾಸ್ತರ್.

ನೀತಿ: ಕಣ್ಣಿಗೆ ಕಂಡದ್ದೆಲ್ಲ ನಡೆದದ್ದಲ್ಲ. ಒಂದು ಕುಪ್ಪಸವನ್ನು ನೋಡುವಷ್ಟಾದರೂ ತಿರುವಿ ನೋಡದೆ ಒಬ್ಬರ ಮಾನ ಕಳೆಯಬೇಡಿ. ಸುಳ್ಳಿಗೆ ಸಿಕ್ಕಿಕೊಂಡವರು ಮಾಡದ ತಪ್ಪಿಗೆ ತಲೆ ತಗ್ಗಿಸಬೇಡಿ. ನಿಮ್ಮ ಕಸುಬು ಕಲಿಸಿದ ಕಣ್ಣನ್ನೇ ಆ ಸುಳ್ಳಿನ ಮೇಲೆ ಇಡಿ.

ಈಗ ಈ ಕಥೆಯನ್ನು ಹತ್ತು ಜನಕ್ಕೆ ಕಳಿಸಲು ಹೋಗಬೇಡಿ. ಅದನ್ನೇ ಮಾಡಿ ಮಾಡಿ ಕೆಟ್ಟಿದ್ದೀರಿ. ನೀವು ಯಾರ ತುಣುಕನ್ನು ನೋಡಿ ನಕ್ಕು ಹಂಚಿದ್ದಿರೋ, ಅವರ ಮನೆ ನಿಮಗೆ ಗೊತ್ತಿದೆ. ಎದ್ದು ಹೋಗಿ. ಬಾಗಿಲು ತಟ್ಟಿ. ನಾನು ಸುಳ್ಳು ಹಂಚಿದ್ದೆ ಎಂದು ಅವರ ಮುಖ ನೋಡಿ ಹೇಳಿ.